ಜೇಬಿನೊಳಗಿನ ಬರಹ

ಜೇಬಿನ ಮೂಲೆಗಳಿಗೆ ತಾಮ್ರದ ರಿವೆಟ್ ಹಾಕಿದ ಪ್ಯಾಂಟಿಗೆ ದರ್ಜಿ ಜೇಕಬ್ ಡೇವಿಸ್ ಮತ್ತು ಲಿವೈ ಸ್ಟ್ರಾಸ್ ಕಂಪನಿ ಪೇಟೆಂಟ್ ಪಡೆದದ್ದು 1873ರಲ್ಲಿ. ಆದರೆ 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಭೂಕಂಪ, ಬೆಂಕಿಗೆ ಕಂಪನಿಯ ಹಳೆಯ ಕಡತಗಳು ನಾಶವಾದವು. ಹಾಗಾಗಿ ಜೀನ್ಸ್‌ನ ಮೊದಲ ದಶಕಗಳಿಗೆ ಜೀನ್ಸೇ ಮುಖ್ಯ ಆಕರ.

ಲಿಪಿ ನೋಡಿ ಶಾಸನದ ಕಾಲ ಹೇಳುವಂತೆ ಸಂಗ್ರಾಹಕರು ಹೊಲಿಗೆ ನೋಡಿ ಪ್ಯಾಂಟಿನ ಕಾಲ ಹೇಳುತ್ತಾರೆ. ಲಿವೈಸ್‌ನ ಹಿಂಭಾಗದಲ್ಲಿ ಒಂದೇ ಜೇಬಿದ್ದರೆ ಅದು 1901ಕ್ಕಿಂತ ಹಳೆಯದು. ಜೇಬಿನಂಚಿನ ಕೆಂಪು ಪಟ್ಟಿ ಬಂದದ್ದು 1936ರಲ್ಲಿ. ಜೇಬಿನ ಮೇಲಿನ ಕಮಾನು ಹೊಲಿಗೆಯಲ್ಲದೆ ಬರೀ ಬಣ್ಣವಾಗಿದ್ದರೆ, ಅದು ದಾರ ಉಳಿಸಬೇಕಾಗಿದ್ದ ಎರಡನೇ ಮಹಾಯುದ್ಧದ ಕಾಲದ್ದು.

ಪಾಳುಗಣಿಯೊಂದರಲ್ಲಿ ಸಿಕ್ಕ, 1880ರ ದಶಕದ್ದೆಂದು ಗುರುತಿಸಲಾದ ಜೀನ್ಸೊಂದು 2022ರಲ್ಲಿ ನ್ಯೂ ಮೆಕ್ಸಿಕೋದ ಹರಾಜಿನಲ್ಲಿ 87,400 ಡಾಲರಿಗೆ ಹೋಯಿತು. ಇದು ಬಿಳಿಯ ಕಾರ್ಮಿಕರೇ ತಯಾರಿಸಿದ್ದು ಎಂಬ ಹೆಮ್ಮೆಯ ಮಾತು ಅದರ ಜೇಬಿನೊಳಗೆ ಅಚ್ಚಾಗಿತ್ತು. ಅಮೆರಿಕ 1882ರಲ್ಲಿ ಚೀನೀ ಕಾರ್ಮಿಕರ ವಲಸೆಯನ್ನು ನಿಷೇಧಿಸಿತ್ತು. ಆ ದ್ವೇಷದ ದಿನಗಳಲ್ಲಿ ಇದೇ ಜಾಹೀರಾತು.

ಸಂಗ್ರಾಹಕನಿಗೆ ಆ ಸಾಲು ಕಾಲದ ಗುರುತು, ಬೆಲೆ ಏರಿಸುವ ಪುರಾವೆ. ಯಾರನ್ನು ಕೆಲಸದಿಂದ ಹೊರಗಿಟ್ಟು ಆ ಬಟ್ಟೆ ಹೊಲಿದರೆಂಬುದಕ್ಕೂ ಅದೇ ಸಾಕ್ಷಿ. ಅದನ್ನೂ ಓದಿದರೆ ಮಾತ್ರ ಹಳೆಯ ಪ್ಯಾಂಟು ಚರಿತ್ರೆಯ ದಾಖಲೆಯಾಗುತ್ತದೆ.