ಜೋಮಾಲೆಯೊಳಗಿನ ಅರಗು ಮೋಸವೇ? ‘ಒಂದು ಗ್ರಾಂ ಚಿನ್ನ’ದಲ್ಲಿ ಚಿನ್ನ ಎಷ್ಟಿರುತ್ತದೆ?

ಮದುವೆ ಸೀಸನ್ ಶುರುವಾದರೆ ಸಾಕು, ನನ್ನ ಫೋನಿಗೆ ಎರಡು ಬಗೆಯ ಫಾರ್ವರ್ಡ್‌ಗಳು ಬರುತ್ತವೆ. ಅಕ್ಕಸಾಲಿಗರು ಒಡವೆಯೊಳಗೆ ಅರಗು ತುಂಬಿ ಚಿನ್ನದ ಬೆಲೆಗೆ ಮಾರುತ್ತಾರೆ, ಹುಷಾರ್ ಎನ್ನುವುದು ಒಂದು. ಕೊಡಗಿನ ಜೋಮಾಲೆ, ಕೊಕ್ಕೆತಾತಿ ‘ಒಂದು ಗ್ರಾಂ ಚಿನ್ನ’ದಲ್ಲಿ ಅಗ್ಗಕ್ಕೆ ಸಿಗುತ್ತದೆ ಎನ್ನುವುದು ಇನ್ನೊಂದು. ಮೊದಲನೆಯದು ಅರ್ಧ ಸತ್ಯ. ಎರಡನೆಯದರಲ್ಲಿ ಹೆಸರೇ ದಾರಿ ತಪ್ಪಿಸುತ್ತದೆ. ಸೋಮವಾರಪೇಟೆಯಂಥ ಊರಿನಲ್ಲಿ ಕೈಯಲ್ಲೇ ಒಡವೆ ಮಾಡುವವರಿಗೆ ಎರಡರಿಂದಲೂ ಪೆಟ್ಟು.

ಮೊದಲು ಅರಗಿನ ವಿಷಯ. ಜೋಮಾಲೆ ಎಂದರೆ ಟೊಳ್ಳಾದ ಚಿನ್ನದ ಗುಂಡುಗಳನ್ನು ಪೋಣಿಸಿದ ಸರ. ತೆಳು ತಗಡಿನಿಂದ ಮಾಡಿದ ಗುಂಡು ಖಾಲಿಯಿದ್ದರೆ ಬೆರಳಲ್ಲಿ ಒತ್ತಿದರೂ ನೆಗ್ಗುತ್ತದೆ. ಅದಕ್ಕೇ ಒಳಗೆ ಅರಗು. ಮುತ್ತುಗ, ಬೋರೆಯಂಥ ಮರಗಳ ಮೇಲೆ ಅರಗಿನ ಹುಳು ಸ್ರವಿಸುವ ರಾಳ ಇದು. ಬಿಸಿ ಮಾಡಿದರೆ ಮೆತ್ತಗಾಗುತ್ತದೆ, ಆರಿದರೆ ಗಟ್ಟಿ. ಕಡಿಮೆ ಚಿನ್ನದಲ್ಲಿ ದೊಡ್ಡ, ಗಟ್ಟಿ ಒಡವೆ ಮಾಡುವ ಈ ಉಪಾಯ ಭಾರತದ ಹಲವು ಕಡೆ ಹಳೆಯದು. (ಅಂದಹಾಗೆ, ಇಂಥ ಒಡವೆಯನ್ನು ಕುದಿಯುವ ನೀರಿಗೆ ಹಾಕಿ ತೊಳೆಯಬೇಡಿ. ಅರಗು ಮೆತ್ತಗಾಗಲು ಅಷ್ಟು ಬಿಸಿಯೂ ಬೇಡ.)

ಹಾಗಾದರೆ ಮೋಸ ಎಲ್ಲಿ ಆಗಬಹುದು? ಒಂದು ಲೆಕ್ಕ ಹಾಕೋಣ. 8 ಮಿಲಿಮೀಟರ್ ಅಗಲದ ಗುಂಡು, ತಗಡಿನ ದಪ್ಪ 0.1 ಮಿ.ಮೀ. ಎಂದುಕೊಳ್ಳಿ. ಅದರಲ್ಲಿ 22 ಕ್ಯಾರಟ್ ಚಿನ್ನ ಸುಮಾರು 0.35 ಗ್ರಾಂ, ಒಳಗಿನ ಅರಗು ಕಾಲು ಗ್ರಾಂಗಿಂತ ತುಸು ಹೆಚ್ಚು. ಅರಗು ಹಗುರ ಎಂದು ನಾವು ಅಂದುಕೊಂಡರೂ ಒಟ್ಟು ತೂಕದ ಶೇ. 40ರಷ್ಟು ಅದೇ ಆಯಿತು! ಒಟ್ಟು ತೂಕಕ್ಕೆ ಚಿನ್ನದ ದರ ಹಾಕಿದರೆ ಅದು ಮೋಸವೇ. ಅರಗು ತುಂಬಿದ್ದು ಮಾತ್ರ ಮೋಸವಲ್ಲ. ಹಾಲ್‌ಮಾರ್ಕ್ ಒಡವೆಯ ಬಿಲ್‌ನಲ್ಲಿ ಚಿನ್ನದ ನಿವ್ವಳ ತೂಕ ಮತ್ತು ಶುದ್ಧತೆಯನ್ನು ಬರೆಯಲೇಬೇಕೆಂದು ಬಿಐಎಸ್ ನಿಯಮವಿದೆ.

ಚಿನ್ನಕ್ಕೆ ಹಾಲ್‌ಮಾರ್ಕ್ ಕಡ್ಡಾಯವಾದದ್ದು 2021ರ ಜೂನ್‌ನಲ್ಲಿ, ಅದೂ ಎಲ್ಲ ಜಿಲ್ಲೆಗಳಿಗೆ ಒಟ್ಟಿಗಲ್ಲ, ಹಂತ ಹಂತವಾಗಿ. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆಯೂ ಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ನೀವೇ ನೋಡಬಹುದು. ಆದರೆ ವರ್ಷಕ್ಕೆ 40 ಲಕ್ಷ ರೂಪಾಯಿವರೆಗೆ ವಹಿವಾಟು ಇರುವವರಿಗೆ ಇದರಿಂದ ವಿನಾಯಿತಿ ಇದೆ. ಮುದ್ರೆ ಇಲ್ಲದ ಮಾತ್ರಕ್ಕೆ ಚಿಕ್ಕ ಅಕ್ಕಸಾಲಿಗನನ್ನು ಕಳ್ಳ ಎನ್ನಬೇಡಿ. ನಿವ್ವಳ ತೂಕ ಬರೆದ ಬಿಲ್ ಕೇಳಿ.

ಈಗ ‘ಒಂದು ಗ್ರಾಂ ಚಿನ್ನ’

ಇದು ಸಾಮಾನ್ಯವಾಗಿ ಹಿತ್ತಾಳೆ ಅಥವಾ ತಾಮ್ರದ ಮೇಲೆ ಚಿನ್ನದ ಲೇಪ. ಲೇಪವನ್ನು ಮೈಕ್ರಾನ್‌ನಲ್ಲಿ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಲ್ಲಿ ಅಳೆಯುತ್ತಾರೆ. ಸರದ ಒಟ್ಟು ಮೇಲ್ಮೈ 100 ಚದರ ಸೆಂಟಿಮೀಟರ್ ಇದ್ದು, ಲೇಪ 0.1 ಮೈಕ್ರಾನ್ ಇದ್ದರೆ ಅದರಲ್ಲಿರುವ ಚಿನ್ನ ಸುಮಾರು 20 ಮಿಲಿಗ್ರಾಂ. ಒಂದು ಗ್ರಾಮಿನ ಐವತ್ತನೇ ಒಂದು ಭಾಗ! ನಿಜಕ್ಕೂ ಒಂದು ಗ್ರಾಂ ಆಗಬೇಕಾದರೆ ಲೇಪ ಐದು ಮೈಕ್ರಾನ್ ದಪ್ಪ ಇರಬೇಕು. ಆಗ ಇವತ್ತಿನ ಚಿನ್ನದ ದರದಲ್ಲಿ ಆ ಸರವನ್ನು ಕೆಲವು ನೂರು ರೂಪಾಯಿಗೆ ಯಾರೂ ಕೊಡಲಾರರು.

ಬಸ್ಸಿನಲ್ಲಿ ಹೋಗುವಾಗ, ಕಳ್ಳರ ಭಯಕ್ಕೆ ಲೇಪದ ಸರ ಹಾಕಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ನನ್ನ ಹತ್ತಿರವೂ ಎರಡಿವೆ. ಒಂದನ್ನು ಹಾಕಿದಾಗಲೆಲ್ಲ ಕತ್ತು ತುರಿಸುತ್ತದೆ. ಅಗ್ಗದ ಒಡವೆಗಳ ಲೋಹದಲ್ಲಿ ನಿಕ್ಕಲ್ ಇದ್ದರೆ, ಲೇಪ ಸವೆದು ಬೆವರು ತಾಗಿದಾಗ ಕೆಲವರಿಗೆ ಅಲರ್ಜಿ ಆಗುತ್ತದೆ. ಮಕ್ಕಳ ಒಡವೆಗೆ ಇನ್ನೂ ಎಚ್ಚರ ಬೇಕು: ಕ್ಯಾಡ್ಮಿಯಂ ಇದೆಯೆಂದು 2010ರಲ್ಲಿ ಅಮೆರಿಕದಲ್ಲಿ ಮಕ್ಕಳ ಅಗ್ಗದ ಒಡವೆಗಳನ್ನು ಮಾರುಕಟ್ಟೆಯಿಂದ ವಾಪಸ್ ತೆಗೆಸಿದ್ದರು.

ನನಗೆ ಬೇಸರ ತರಿಸುವುದು ಹೋಲಿಕೆ. ಸೋಮವಾರದ ಸಂತೆಗೆ ಬಂದವರು ಅಕ್ಕಸಾಲಿಗನ ಮುಂದೆ ಫೋನ್ ಹಿಡಿದು “ಇದೇ ಡಿಸೈನ್ ಇಷ್ಟಕ್ಕೆ ಸಿಗುತ್ತಲ್ಲ” ಎಂದರೆ ಆತ ಏನು ಹೇಳಬೇಕು? ಚಿನ್ನದ ದರ ಆತನ ಕೈಯಲ್ಲಿಲ್ಲ. ದೊಡ್ಡ ಅಂಗಡಿಗೂ ಆತನಿಗೂ ಅದು ಹೆಚ್ಚುಕಡಿಮೆ ಒಂದೇ. ಚೌಕಾಸಿಗೆ ಉಳಿಯುವುದು ಅವನ ಕೂಲಿ ಮಾತ್ರ. ಕಾರ್ಖಾನೆಯಲ್ಲಿ ಒಮ್ಮೆ ಮಾಡಿದ ಅಚ್ಚಿನಿಂದ ನೂರಾರು ಪದಕ ಬರುತ್ತವೆ, ಅಚ್ಚಿನ ಖರ್ಚು ಅಷ್ಟಕ್ಕೂ ಹಂಚಿಹೋಗುತ್ತದೆ. ಕೊಕ್ಕೆತಾತಿಯ ಅರ್ಧಚಂದ್ರ, ಅದರ ಮೇಲಿನ ನಾಗನ ಹೆಡೆ, ಅಂಚಿನ ಮುತ್ತುಗಳನ್ನು ಕೈಯಲ್ಲೇ ಕೂರಿಸುವವನಿಗೆ ಪ್ರತಿಯೊಂದೂ ಮೊದಲಿಂದ ಶುರು. ಆ ಕೂಲಿಗೆ ಗಿರಾಕಿ ಸಿಗದಿದ್ದರೆ ಮನೆಯ ಮುಂದಿನ ಹುಡುಗ ಕುಲುಮೆಯ ಮುಂದೆ ಕೂರುವುದಿಲ್ಲ.

ಎಚ್‌ಯುಐಡಿ ಶುದ್ಧತೆಯನ್ನು ಹೇಳುತ್ತದೆ, ಕೈಯಲ್ಲಿ ಮಾಡಿದ್ದೋ ಯಂತ್ರದ್ದೋ ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಕಣ್ಣೇ ಬೇಕು. ಭೂತಗನ್ನಡಿ ಹಿಡಿದು ನೋಡಿ: ಎಲ್ಲ ಗುಂಡುಗಳೂ ತದ್ರೂಪವಾಗಿದ್ದು, ಪದಕದ ಹಿಂಬದಿಯಲ್ಲಿ ಅಚ್ಚಿನ ಗೆರೆ ಕಂಡರೆ ಬಹುಶಃ ಯಂತ್ರದ್ದು. ಕೈಕೆಲಸದಲ್ಲಿ ಬೆಸುಗೆಯ ಗುರುತು, ಗುಂಡಿನಿಂದ ಗುಂಡಿಗೆ ಸಣ್ಣ ವ್ಯತ್ಯಾಸ ಇರುತ್ತದೆ. ಮಾಡಿಸುವುದಾದರೆ ಅರಗು ತುಂಬುವ ಮೊದಲು ಖಾಲಿ ಗುಂಡುಗಳನ್ನು ನಿಮ್ಮೆದುರೇ ತೂಗಲು ಹೇಳಿ, ಆ ತೂಕವನ್ನೇ ಬಿಲ್‌ನಲ್ಲಿ ಬರೆಸಿಕೊಳ್ಳಿ. ಮುಂದೆ ಮಾರುವಾಗಲೂ ಲೆಕ್ಕಕ್ಕೆ ಬರುವುದು ಅದೇ ತೂಕ.