ಡಯಾನಾ ಟೌರಾಸಿ: ಆಡದೇ ಇರೋದಕ್ಕೂ ಸಂಬಳ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಗಾರ್ಡ್ ಡಯಾನಾ ಟೌರಾಸಿ 2004ರಲ್ಲಿ ಫೀನಿಕ್ಸ್ ಮರ್ಕ್ಯುರಿ ಸೇರಿದರು. ಬೇಸಿಗೆಯಲ್ಲಿ ಡಬ್ಲ್ಯುಎನ್‌ಬಿಎ, ಚಳಿಗಾಲದಲ್ಲಿ ರಷ್ಯಾ ಇಲ್ಲವೇ ಟರ್ಕಿ, ವರ್ಷಪೂರ್ತಿ ದುಡಿಮೆ. ಸ್ಪಾರ್ಟಕ್ ಮಾಸ್ಕೋ ಪರ 2007ರಿಂದ 2010ರವರೆಗೆ ಸತತ ನಾಲ್ಕು ಯುರೋಲೀಗ್ ಗೆದ್ದರು, ಆಮೇಲೆ ಯೆಕಟೆರಿನ್‌ಬರ್ಗ್ ತಂಡದ ಜೊತೆ ಇನ್ನೆರಡು.

ನನಗೆ ಮುಖ್ಯ ಅನ್ನಿಸೋದು 2015. ತವರಿನ ಲೀಗಿನಲ್ಲಿ ಅವರ ಸಂಬಳ ಸುಮಾರು 1.07 ಲಕ್ಷ ಡಾಲರ್. ಯೆಕಟೆರಿನ್‌ಬರ್ಗ್ ಕೊಡ್ತಿದ್ದದ್ದು 15 ಲಕ್ಷದಷ್ಟು ಅಂತ ವರದಿಯಾಗಿತ್ತು. ಬೇಸಿಗೆಯಲ್ಲಿ ಅಲ್ಲಿ ಆಡದೆ ವಿಶ್ರಾಂತಿ ತಗೊಳ್ಳಿ ಅಂತ ಆ ಕ್ಲಬ್ಬೇ ದುಡ್ಡು ಕೊಟ್ಟಿತು! ಅವರು ಒಪ್ಪಿಕೊಂಡರು. ಇದನ್ನ ದುರಾಸೆ ಅನ್ನೋಕೆ ನಾನು ತಯಾರಿಲ್ಲ. 2020ರಲ್ಲಿ ಆಟಗಾರ್ತಿಯರ ಯೂನಿಯನ್ ಚೌಕಾಸಿ ಮಾಡಿ ಗರಿಷ್ಠ ಸಂಬಳವನ್ನು 2.15 ಲಕ್ಷ ಡಾಲರ್‌ಗೆ ಏರಿಸಿಕೊಂಡಿತು. ಆದರೂ 2022ರಲ್ಲಿ ಬ್ರಿಟ್ನಿ ಗ್ರೈನರ್ ಬಂಧನವಾದಾಗ, ಅವರು ಹೊರಟಿದ್ದದ್ದು ಅದೇ ಯೆಕಟೆರಿನ್‌ಬರ್ಗ್ ತಂಡಕ್ಕೆ.