ಸೆಲ್ಫ್ ಮೆಲ್ಲಗೆ ತಿರುಗಿದರೆ ಮೊದಲು ಮೋಟಾರನ್ನು ಬಿಚ್ಚಬೇಡಿ

ನಮ್ಮ ಪಕ್ಕದ ಊರಿನಲ್ಲಿ ಒಂದು ಹಳೆಯ ಪೆಟ್ರೋಲ್ ಜೀಪಿದೆ. ಯಜಮಾನರು ಅದಕ್ಕೆ ಡೀಸೆಲ್ ಎಂಜಿನ್ ಕೂರಿಸಿ ಟೊಮ್ಯಾಟೊ ಕ್ರೇಟು ಸಾಗಿಸುತ್ತಾರೆ. ರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೂ ಅದೇ ಗಾಡಿ. ಆದರೆ ಕೀ ತಿರುಗಿಸಿದರೆ ಸೆಲ್ಫ್ 'ಊಂ... ಊಂ...' ಎಂದು ಎಳೆಯುತ್ತಿತ್ತು.

"ಎರಡು ಬ್ಯಾಟರಿ ಆಯ್ತು, ಸೆಲ್ಫ್ ಬಿಚ್ಚಿ ಕಟ್ಟಿಸಿದ್ದೂ ಆಯ್ತು. ಬೆಳಿಗ್ಗೆ ಎದ್ದರೆ ಅದೇ ಗೋಳು" ಎಂದರು ಯಜಮಾನರು. ಈ ಗೋಳು ಅರ್ಥವಾಗಬೇಕಾದರೆ ಸೆಲ್ಫ್ ಹುಟ್ಟಿದ ಕಥೆ ತಿಳಿಯಬೇಕು.

ಮೊದಮೊದಲ ಕಾರುಗಳನ್ನು ಹ್ಯಾಂಡಲ್ ಹೊಡೆದೇ ಎಬ್ಬಿಸಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಕೈಮೂಳೆ ಮುರಿಯುತ್ತಿತ್ತು. ಅಮೆರಿಕದಲ್ಲಿ ಕಾರು ತಯಾರಿಸುತ್ತಿದ್ದ ಬೈರನ್ ಕಾರ್ಟರ್ 1908ರಲ್ಲಿ ತೀರಿಕೊಂಡರು. ಹ್ಯಾಂಡಲ್ ಏಟೇ ಅದಕ್ಕೆ ಕಾರಣ, ಅದರಿಂದ ನೊಂದ ಕ್ಯಾಡಿಲಾಕ್ ಕಂಪನಿಯ ಹೆನ್ರಿ ಲೀಲಂಡ್ ಹ್ಯಾಂಡಲನ್ನೇ ತೆಗೆದುಹಾಕಲು ಹೊರಟರು ಎಂಬ ಕಥೆ ಇಂದಿಗೂ ಜನರ ಬಾಯಲ್ಲಿದೆ.

ಆ ಕೆಲಸ ಮಾಡಿದವರು ಓಹಾಯೋ ರಾಜ್ಯದ ಡೇಟನ್ ಊರಿನ ಚಾರ್ಲ್ಸ್ ಕೆಟರಿಂಗ್. ಒಂದು ಕೊಟ್ಟಿಗೆಯಲ್ಲಿ ಗೆಳೆಯರ ಜೊತೆ ಸೇರಿ ಪ್ರಯೋಗ ನಡೆಸಿದರು. ಎಂಜಿನ್ ತಿರುಗಿಸಲು ಭಾರೀ ಮೋಟಾರು ಬೇಕು, ಅದು ಕಾರಿನಲ್ಲಿ ಹಿಡಿಸುವುದಿಲ್ಲ ಎಂಬುದು ಆಗಿನ ಹಲವರ ಮಾತು. ಕೆಟರಿಂಗ್ ಮೊದಲು ಅಂಗಡಿಯ ಗಲ್ಲಾಪೆಟ್ಟಿಗೆ ಯಂತ್ರಕ್ಕೆ ವಿದ್ಯುತ್ ಮೋಟಾರು ಜೋಡಿಸಿದ್ದವರು. ಪೆಟ್ಟಿಗೆ ತೆರೆಯಲು ಮೋಟಾರು ದಿನವಿಡೀ ಓಡಬೇಕಿಲ್ಲ, ಒಂದು ಕ್ಷಣ ಜೋರು ಕೊಟ್ಟರೆ ಸಾಕು. ಕಾರಿಗೂ ಅಷ್ಟೇ ಸಾಕಲ್ಲವೇ? ಚಿಕ್ಕ ಮೋಟಾರಿಗೆ ಕೆಲವೇ ಸೆಕೆಂಡು ವಿಪರೀತ ಕರೆಂಟು ಕುಡಿಸಿದರು. 1912ರ ಕ್ಯಾಡಿಲಾಕ್ ಕಾರುಗಳು ಸೆಲ್ಫ್ ಜೊತೆಗೇ ಬಂದವು.

ಸೆಲ್ಫ್‌ನ ಗುಟ್ಟು ಇದೇ: ಸ್ವಲ್ಪ ಹೊತ್ತು, ಸಿಕ್ಕಾಪಟ್ಟೆ ಕರೆಂಟು. ಸಾಮಾನ್ಯ ಹೆಡ್‌ಲೈಟಿಗೆ ಸುಮಾರು 5 ಆಂಪಿಯರ್ ಸಾಕು. ಸೆಲ್ಫ್‌ಗೆ 200 ಆಂಪಿಯರ್ ಬೇಕಾಗಬಹುದು. ಅಷ್ಟು ಕರೆಂಟು ಹರಿಯುವ ದಾರಿಯಲ್ಲಿ ಒಂದು ಓಮ್‌ನ ನೂರನೇ ಒಂದು ಭಾಗ ತಡೆ ಇದ್ದರೂ 2 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಹೆಡ್‌ಲೈಟ್ ಚೆನ್ನಾಗಿಯೇ ಉರಿಯುತ್ತದೆ, ಸೆಲ್ಫ್ ಮಾತ್ರ ನರಳುತ್ತದೆ.

ಎಂಜಿನ್ ಬದಲಾಯಿಸಿದ ಗಾಡಿಯಲ್ಲಿ ಈ ತೊಂದರೆ ದುಪ್ಪಟ್ಟು. ಹಳೆಯ ಪೆಟ್ರೋಲ್ ಎಂಜಿನ್ ಗಾಳಿಯನ್ನು ಸುಮಾರು ಏಳರಲ್ಲಿ ಒಂದು ಪಾಲಿಗೆ ಒತ್ತುತ್ತದೆ, ಡೀಸೆಲ್ ಎಂಜಿನ್ ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ. ತಿರುಗಿಸಲು ಹೆಚ್ಚು ಬಲ ಬೇಕು. ಎಂಜಿನ್ ಬದಲಾಗುತ್ತದೆ, ಪೆಟ್ರೋಲ್ ಕಾಲದ ತೆಳ್ಳನೆಯ ಕೇಬಲ್ ಮತ್ತು ಹಳೆಯ ಅರ್ಥಿಂಗ್ ಪಟ್ಟಿ ಹಾಗೇ ಉಳಿಯುತ್ತವೆ.

ನಾವು ಒಬ್ಬ ಆಟೋ ಎಲೆಕ್ಟ್ರಿಷಿಯನ್ ಜೊತೆ ಜೀಪಿನ ಹತ್ತಿರ ಹೋದೆವು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಹೊತ್ತಿಕೊಳ್ಳದಂತೆ ಸ್ಟಾಪ್ ವೈರ್ ಎಳೆದು ಹಿಡಿದರು. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟರು.

ಸುಮ್ಮನಿದ್ದಾಗ ಬ್ಯಾಟರಿ 12.6 ವೋಲ್ಟ್. ಸೆಲ್ಫ್ ಹೊಡೆಯುವಾಗ 11.2. ಇದು 9.5ಕ್ಕಿಂತ ಕೆಳಗೆ ಬಿದ್ದಿದ್ದರೆ ಬ್ಯಾಟರಿ ಸೋತಿದೆ, ಇಲ್ಲವೇ ಮೋಟಾರು ಅತಿಯಾಗಿ ಎಳೆಯುತ್ತಿದೆ ಎಂದರ್ಥ. ಇಲ್ಲಿ ಬ್ಯಾಟರಿ ಸರಿಯಿತ್ತು.

ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ಮೋಟಾರಿನ ದಪ್ಪ ಟರ್ಮಿನಲ್ಲಿಗೆ. ಸೆಲ್ಫ್ ಹೊಡೆದಾಗ 0.3 ವೋಲ್ಟ್. ಅರ್ಧ ವೋಲ್ಟಿನವರೆಗೆ ಪರವಾಗಿಲ್ಲ.

ಆಮೇಲೆ ಮೈನಸ್ ಕಂಬದಿಂದ ಮೋಟಾರಿನ ಮೈಗೆ. ಇಲ್ಲಿ 0.3 ದಾಟಬಾರದು. ಮೀಟರು 2.6 ತೋರಿಸಿತು!

ಎಂಜಿನ್ ಕೂರಿಸಿದಾಗ ಅರ್ಥಿಂಗ್ ಪಟ್ಟಿಯನ್ನು ಬಣ್ಣ ಬಳಿದ ಚಾಸಿಯ ಮೇಲೆಯೇ ಬಿಗಿದಿದ್ದರು. ಕೆಳಗೆ ತುಕ್ಕು. ಬ್ಯಾಟರಿ ವೈರ್ ಕಳಚಿ, ಬಣ್ಣ ಕೆರೆದು, ಎಂಜಿನ್ನಿನಿಂದ ಚಾಸಿಗೆ ದಪ್ಪ ಪಟ್ಟಿ ಹಾಕಿದರು. ಜೀಪು ಒಂದೇ ಏಟಿಗೆ ಎದ್ದಿತು. ಎರಡು ಬ್ಯಾಟರಿಯ ದುಡ್ಡು ಹೋದದ್ದು ಒಂದು ಹಾಳೆ ಉಪ್ಪುಕಾಗದದ ಕೆಲಸಕ್ಕೆ.

ಇನ್ನೊಂದು ಗುರುತು: ಸೆಲ್ಫ್ ಹೊಡೆದಾಗ ಆಕ್ಸಿಲರೇಟರ್ ಕೇಬಲ್ ಬಿಸಿಯಾದರೆ, ಅರ್ಥಿಂಗ್ ದಾರಿ ಸಿಗದೆ ಕರೆಂಟು ಆ ಕೇಬಲ್ ಮೂಲಕ ಹೋಗುತ್ತಿರಬಹುದು. ಎಲ್ಲ ಅಳತೆ ಸರಿಯಿದ್ದೂ ಸೆಲ್ಫ್ ನಿಧಾನವಾದರೆ ಆಗ ಮೋಟಾರು ಬಿಚ್ಚಿ, ಕಾರ್ಬನ್ ಬ್ರಷ್, ಬುಷ್ ನೋಡಿಸಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ. ಕೆಟರಿಂಗ್ ಲೆಕ್ಕ ಹಾಕಿದ್ದೇ ಸ್ವಲ್ಪ ಹೊತ್ತಿಗೆ.

ಮುಂದಿನ ಸಲ ಗ್ಯಾರೇಜಿನಲ್ಲಿ "ಬ್ಯಾಟರಿ ಹೋಗಿದೆ" ಎಂದರೆ ನೀವು ಒಂದೇ ಮಾತು ಕೇಳಿ: "ಅರ್ಥಿಂಗ್ ಅಳೆದು ನೋಡಿದ್ರಾ?"